ನಲವತ್ತೊಂದನೇ ಪುಟ

"ಏಳು!"

ಅವಳು ಕೂಗಿದ ರಭಸಕ್ಕೆ ಹೊಲಿಗೆ ಯಂತ್ರಗಳ ಮುಂದೆ ಕೂತಿದ್ದ ಮೂವರು ಹೆಂಗಸರು ದಡಕ್ಕನೆ ಎದ್ದು ನಿಂತರು!

"ಅಯ್ಯೋ, ನಿಮ್ಮನ್ನಲ್ಲ... ಏಳನೇ ನಂಬರ್! ಯಾರ್ರೀ ಇಲ್ಲಿ ಏಳನೇ ನಂಬರ್?"

ಎದ್ದವರು ನಗುತ್ತಾ ಕೂತರು. ಶೂ ತಯಾರಿಸುವ ಆ ಉದ್ದನೆಯ ಶೆಡ್ಡಿನ ಕಟ್ಟಕಡೆಯ ಬೆಂಚಿನಿಂದ ಒಬ್ಬ ನಿಧಾನವಾಗಿ ಎದ್ದ. ಎತ್ತರದ ಆಳು. ಬೆರಳ ತುದಿಗಳಲ್ಲೆಲ್ಲ ಒಣಗಿದ ಅಂಟು. ನಡೆದು ಬಂದು ಅವಳ ಮೇಜಿನ ಮುಂದೆ ನಿಂತ.

"ನಾನೇ. ಏನೀಗ?"

"ಏನೀಗ ಅಂತೀರಾ? ನೋಡಿ!"

ಅವಳು ಎರಡೇ ಬೆರಳಲ್ಲಿ ಎಳೆದಳು. ಹೊಚ್ಚ ಹೊಸ ಕಪ್ಪು ಶೂ ಒಂದರ ಅಟ್ಟೆ ಪರ್ರನೆ ಬಿಟ್ಟುಕೊಂಡಿತು. ಒಳಗೆ ಅವನ ಮುದ್ರೆ ಸ್ಪಷ್ಟವಾಗಿತ್ತು... ೭.

"ಇದೇನು ಶೂನಾ, ಬಾಯಿ ಬಿಟ್ಕೊಂಡು ಬಿದ್ದಿರೋ ಮೊಸಳೆನಾ?"

ಶೆಡ್ಡಿನ ತುಂಬ ಕಿಸಕ್ಕನೆ ನಗು.

"ಅಂಟು ಸರಿ ಇರಲ್ಲ," ಅಂದ ಅವನು. "ಎರಡು ಸಲ ಹೇಳಿದ್ದೀನಿ. ಯಾರೂ ಕೇಳಲ್ಲ."

"ಎಲ್ಲರಿಗೂ ಅದೇ ಅಂಟು ತಾನೆ? ಒಂದನೇ ನಂಬರಿನವರದ್ದು ಒಂದು ಜೊತೆನೂ ವಾಪಸ್ ಬಂದಿಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!"

ಈ ಸಲ ನಗು ಜೋರಾಗಿಯೇ ಬಂತು. ಅವನ ಕಿವಿ ಕೆಂಪಾಯಿತು. ಆದರೆ ಕಣ್ಣು ಅವಳ ಮೇಲಿಂದ ಕದಲಲಿಲ್ಲ.

"ಕುಣಿಯೋರನ್ನ ನೋಡಿ ನಗೋದು ಸುಲಭ ಮೇಡಂ. ಒಂದು ದಿನ ಈ ನೆಲದ ಮೇಲೆ ನೀವೇ ಬಂದು ನಿಂತು ನೋಡಿ."

ಶೂ ಕಿತ್ತುಕೊಂಡು ಹೋಗೇಬಿಟ್ಟ.

'ಅಬ್ಬಾ, ಸೊಕ್ಕೇ!' ಅಂದುಕೊಂಡಳು. ಮುಂದಿನ ಶೂ ಕೈಗೆತ್ತಿಕೊಂಡವಳು ಅದರ ಮುದ್ರೆ ನೋಡುವುದನ್ನೇ ಮರೆತಳು. ಕೋಪಕ್ಕಾ... ಬೇರೆ ಯಾವುದಕ್ಕಾದರೂ ಇರಬಹುದಾ? ಅದನ್ನು ಯೋಚಿಸುವಷ್ಟು ಪುರುಸೊತ್ತು ಅವಳಿಗೆ ಆವತ್ತು ಇರಲಿಲ್ಲ.

ಅಂಗಡಿಗಳಿಂದ ವಾಪಸ್ ಬರುವ ಶೂಗಳನ್ನು ನೋಡುವುದು ಅವಳ ಕೆಲಸ. ಸೇರಿದ ವಾರದಲ್ಲೇ ಎಲ್ಲರೂ ಅವಳಿಗೆ 'ವಾಪಸಮ್ಮ' ಅಂತ ಹೆಸರಿಟ್ಟಿದ್ದರು. ಕೆಲಸ ಕೊಡಿಸಿದ್ದು ಪ್ಯಾಕಿಂಗ್ ಮೇಜಿನ ಚಿಕ್ಕಮ್ಮ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅವಳಿಗಿದ್ದ ಒಂದೇ ಆಸರೆ ಅದು. ಆ ಆಸರೆಗೆ ಬಾಯಿ ಮಾತ್ರ ನಾಲ್ಕು ಜನರದ್ದು!

ಅವಳ ಅಪ್ಪ ಒಂದು ಕಾಲದಲ್ಲಿ ಕೊಡೆ ಮಾಡುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದರು. ಹನ್ನೊಂದು ಜನ ಕೆಲಸದವರು. ಒಳ್ಳೆಯ ಕೊಡೆಗಳೇ, ಒಳ್ಳೆಯ ಜನವೇ. ಆದರೂ ಮುಚ್ಚಿಹೋಯಿತು. "ಯಾಕಪ್ಪ?" ಅಂತ ಕೇಳಿದರೆ ಕೊನೆಯ ದಿನದವರೆಗೂ ಒಂದೇ ಉತ್ತರ... "ಹಣೆಬರಹ ಮಗಳೇ."

ಆ ಉತ್ತರ ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿದಿತ್ತು.

ಕೆಲಸಕ್ಕೆ ಸೇರಿದ ಎರಡನೇ ದಿನ ಒಂದು ವಿಚಿತ್ರ ನಡೆಯಿತು. ಹೊಸ ಶೂಗಳ ಮೂತಿ ಕುಸಿಯದಿರಲಿ ಅಂತ ಒಳಗೆ ಕಾಗದದ ಉಂಡೆ ತುರುಕುತ್ತಾರಲ್ಲ? ಅದಕ್ಕೆ ಹಳೇ ಕಾಗದದ ರಾಶಿಯೇ ಬರುತ್ತಿತ್ತು. ಚಿಕ್ಕಮ್ಮ ಒಂದು ಪುಸ್ತಕ ಹಿಡಿದು ಹಾಳೆ ಹಾಳೆ ಹರಿಯುತ್ತಿದ್ದಳು. ಇವಳ ಕಣ್ಣು ಒಂದು ಸಾಲಿನ ಮೇಲೆ ಬಿತ್ತು.

'ಒಂದು ಕೆಲಸ ಕೆಟ್ಟಿತೆಂದರೆ ಅದಕ್ಕೆ ಕಾರಣ ಹಣೆಬರಹವಲ್ಲ; ಯಾರೂ ಕೇಳದೆ ಬಿಟ್ಟ ಒಂದು ಪ್ರಶ್ನೆ.'

"ಚಿಕ್ಕಮ್ಮ, ಕೊಡು ಇಲ್ಲಿ!"

"ಏಯ್, ಅರ್ಧ ಹರಿದಾಯ್ತು ಕಣೇ!"

"ಉಳಿದರ್ಧನೇ ಕೊಡು!"

ಯಾರೋ ಮ್ಯಾನೇಜ್‌ಮೆಂಟ್ ಪಂಡಿತ ಬರೆದ ಪುಸ್ತಕ. ಮುಖಪುಟ ಇಲ್ಲ, ಹಾಗಾಗಿ ಬರೆದವರ ಹೆಸರೂ ಇಲ್ಲ. ಮೊದಲ ಎಂಟು ಪುಟ ಇಲ್ಲ, ನಡುವೆ ಅಲ್ಲಲ್ಲಿ ಹಾಳೆಗಳು ಇಲ್ಲ. ಹೋದ ಹಾಳೆಗಳೆಲ್ಲ ಶೂಗಳ ಮೂತಿಯಲ್ಲಿ ಕೂತು ಊರೂರಿಗೆ ಹೊರಟಿದ್ದವು! ಬರವಣಿಗೆ ಮಾತ್ರ ಕಟ್ಟೆ ಮೇಲೆ ಕೂತ ಮುದುಕ ಮಾತಾಡಿದ ಹಾಗಿತ್ತು. ಅವಳು ಅವನಿಗೆ 'ಅಜ್ಜ' ಅಂತ ಹೆಸರಿಟ್ಟಳು.

ಕಾಲೇಜು ಮೆಟ್ಟಿಲು ಹತ್ತದ ಹುಡುಗಿ ದಿನಾ ಕೆಲಸ ಮುಗಿಸಿ ಬಂದು ಆ ಪುಸ್ತಕದ ಮುಂದೆ ಕೂರುತ್ತಿದ್ದಳು. ಒಂದು ಪುಟ ಓದುವುದು, ತನ್ನ ಮಾತಲ್ಲಿ ನೋಟ್‌ಬುಕ್ಕಿಗೆ ಇಳಿಸುವುದು, ಮಾರನೇ ದಿನ ಶೆಡ್ಡಿನಲ್ಲಿ ಅದನ್ನೇ ಕಣ್ಣಲ್ಲಿ ಹುಡುಕುವುದು.

"ಹೆಸರೇ ಗೊತ್ತಿಲ್ಲದ ಗಂಡಸನ್ನ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತೀಯಲ್ಲೇ, ನಾಚಿಕೆ ಆಗಲ್ವಾ?" ಅಂತ ಚಿಕ್ಕಮ್ಮ ಗೋಳು ಹುಯ್ದುಕೊಳ್ಳುತ್ತಿದ್ದಳು.

ಅಜ್ಜನ ಒಂದು ಪಾಠ ಹೀಗಿತ್ತು. ಯಾವುದೇ ತೀರ್ಮಾನ ಮಾಡಿದರೂ ಮುಂದೆ ಏನಾಗುತ್ತದೆ ಅಂತ ನಿನ್ನ ಅಂದಾಜನ್ನು ಆವತ್ತೇ ಬರೆದಿಡು. ಆರು ತಿಂಗಳಾದ ಮೇಲೆ ತೆಗೆದು ನೋಡು. ಆಗ ನೀನೆಷ್ಟು ಜಾಣೆ ಅಂತ ನಿನಗೇ ಗೊತ್ತಾಗುತ್ತೆ.

ಜಗಳ ಆಡಿದ ಆ ಸಂಜೆ ಅವಳು ಬರೆದಳು. 'ಏಳನೇ ನಂಬರ್: ಒರಟ, ಸೊಕ್ಕಿನವನು. ಆರು ತಿಂಗಳಲ್ಲಿ ಕೆಲಸ ಬಿಟ್ಟು ಹೋಗಿರ್ತಾನೆ. ಹೋದರೆ ನನಗೇನೂ ಅನ್ನಿಸಲ್ಲ.'

ತಾರೀಕು ಹಾಕಿ, ಗೆರೆ ಎಳೆದಳು.

* * *

ಮುಂದಿನ ತಿಂಗಳು ಒಂದು ಮಧ್ಯಾಹ್ನ ಅವಳ ಮೇಜಿನ ಮೇಲೆ ಒಂದು ಹಾಳೆ ಬಂದು ಕೂತಿತು. ಮಡಿಕೆ ಇಲ್ಲದ ಹಾಗೆ ಚಪ್ಪಟೆಯಾಗಿತ್ತು. ಪುಟ ಎಪ್ಪತ್ತೇಳು!

ತಲೆ ಎತ್ತಿದರೆ... ಅವನು!

"ನಿಮ್ಮ ಅಜ್ಜ ಸಿಕ್ಕಿದ್ರು."

"ಎ... ಎಲ್ಲಿ?"

"ರಿಪೇರಿಗೆ ಅಂತ ನೀವೇ ಕಳಿಸ್ತೀರಲ್ಲ ನನ್ನ ಮೊಸಳೆಗಳನ್ನ, ಅದರ ಮೂತಿಯೊಳಗೆ. ನಿಮ್ಮ ಪುಸ್ತಕ ಹರಿದದ್ದು, ನೀವು ಅದಕ್ಕೆ ಅಳೋದು... ನಿಮ್ಮ ಚಿಕ್ಕಮ್ಮ ಇಡೀ ಶೆಡ್ಡಿಗೆ ಹೇಳಿದ್ದಾರೆ."

"ಇಷ್ಟು ಚಪ್ಪಟೆ ಹೇಗಾಯ್ತು?"

"ಅಟ್ಟೆ ಒತ್ತೋ ಪ್ರೆಸ್ಸಿಗೆ ಹಾಕ್ದೆ." ಒಂದು ಕ್ಷಣ ತಡೆದು ಹೇಳಿದ, "ಅದಾದ್ರೂ ಸರಿಯಾಗಿ ಒತ್ತುತ್ತೆ ಅಂತ ತೋರಿಸೋಣ ಅಂತ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಒರಟನಿಗೆ ನಗುವಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತೆ ಅಂತ ಆವತ್ತೇ ಅವಳಿಗೆ ಗೊತ್ತಾಗಿದ್ದು.

ಆಮೇಲೆ ಹತ್ತೊಂಬತ್ತನೇ ಪುಟ ಬಂತು. ಐವತ್ತಮೂರು ಬಂತು. ಪುಟದ ಜೊತೆ ಮಾತು ಬಂತು, ಮಾತಿನ ಜೊತೆ ಟೀ ಬಂತು. ಹತ್ತು ನಿಮಿಷದ ಟೀ ಬಿಡುವಿನಲ್ಲಿ ಅವಳು ಅಜ್ಜನ ಪಾಠ ಒಪ್ಪಿಸುತ್ತಿದ್ದಳು, ಅವನು ಅಜ್ಜನ ಜೊತೆ ಜಗಳ ಆಡುತ್ತಿದ್ದ.

"ಅಜ್ಜ ಹೇಳ್ತಾರೆ, ಕೆಲಸ ಮಾಡೋನಿಗಿಂತ ಆ ಕೆಲಸದ ಬಗ್ಗೆ ಹೆಚ್ಚು ಗೊತ್ತಿರೋನು ಯಾರೂ ಇಲ್ಲ ಅಂತ."

"ಅದನ್ನ ನಮ್ಮ ಗಡಿಯಾರಕ್ಕೆ ಹೇಳೋಕೆ ಹೇಳಿ ನಿಮ್ಮಜ್ಜನಿಗೆ!"

ಗಡಿಯಾರ ಅಂದರೆ ಮೇಲ್ವಿಚಾರಕರು. ಯಾರ ಮುಖ ನೋಡಿದರೂ ಮೊದಲು ಕೈಗಡಿಯಾರ ನೋಡುವ ಮನುಷ್ಯ!

ಅವನನ್ನು ಕರೆಯುವುದೇ ಅವಳಿಗೊಂದು ಪೇಚು. ಎಲ್ಲರೂ ಸಲೀಸಾಗಿ "ಏಳು" ಅನ್ನುತ್ತಿದ್ದರು. ಇವಳಿಗೆ ಅದು ಎದ್ದೇಳು ಅಂತ ಗದರಿಸಿದ ಹಾಗೆ ಕೇಳುತ್ತಿತ್ತು. ಅದಕ್ಕೇ "ಏಳು ಅವರೇ" ಅನ್ನುತ್ತಿದ್ದಳು.

"ಏಳು ಅವರೇ ಅಂತೆ! ಆರು ಅವರು ಎಲ್ಲಿ?" ಅಂತ ಚಿಕ್ಕಮ್ಮ ಆಡಿಕೊಳ್ಳುತ್ತಿದ್ದಳು. "ಹುಡುಗಿ ಅಜ್ಜನನ್ನ ಬಿಟ್ಟು ವಯಸ್ಸಿನವನ ಕಡೆ ನೋಡ್ತಿದ್ದಾಳೆ, ಸದ್ಯ!"

'ಛೇ... ಅಂಥದ್ದೇನೂ ಇಲ್ಲ,' ಅಂತ ಅವಳ ಮನಸ್ಸು ಹೇಳುತ್ತಿತ್ತು. ಟೀ ಗಂಟೆ ಹೊಡೆಯುವ ಐದು ನಿಮಿಷ ಮೊದಲೇ ಕೂದಲು ಸರಿ ಮಾಡಿಕೊಳ್ಳುವ ಕೈಗೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ!

ಇಷ್ಟರ ನಡುವೆ ಅವಳು ಇನ್ನೊಂದು ಕೆಲಸ ಮಾಡುತ್ತಿದ್ದಳು. ಅಜ್ಜನ ನಲವತ್ತನೇ ಪುಟ ಹೇಳಿದ ಕೆಲಸ.

'ತಪ್ಪುಗಳನ್ನು ಒಂದೂ ಬಿಡದೆ ಬರೆದಿಡು. ಯಾವುದು, ಎಷ್ಟು, ಎಂದು. ಪ್ರತಿಯೊಂದರ ಎದುರಿಗೂ ಮನುಷ್ಯನ ಹೆಸರನ್ನು'

ಪುಟ ಅಲ್ಲಿಗೆ ಮುಗಿದಿತ್ತು. ನಲವತ್ತೊಂದು ಇರಲಿಲ್ಲ.

ಆದರೇನು? ಮುಂದಿನ ಮಾತು ಯಾರಿಗೆ ಗೊತ್ತಾಗಲ್ಲ? ಹೆಸರನ್ನು... ಬರೆ! ಇನ್ನೇನಿರುತ್ತೆ?

ಅವಳು ಪ್ರತಿ ತಪ್ಪಿನ ಎದುರಿಗೂ ಒಳಗಿನ ಮುದ್ರೆ ನೋಡಿ ನಂಬರ್ ಬರೆದಳು. ನಂಬರಿಗೊಂದು ಸಾಲು, ತಪ್ಪಿಗೊಂದು ಗೀಟು. ತಿಂಗಳು ತಿಂಗಳಿಗೂ ಏಳರ ಸಾಲು ಉದ್ದವಾಗುತ್ತಾ ಹೋಯಿತು. ಒಂದೊಂದು ಗೀಟು ಹಾಕುವಾಗಲೂ ಅವಳ ಎದೆ ಚುರ್ ಅನ್ನುತ್ತಿತ್ತು. ಆದರೂ ಹಾಕಿದಳು. 'ಇಷ್ಟವಾದವರು ಅಂತ ಬಿಟ್ಟರೆ ಅದು ಓದಿಗೆ ಮಾಡೋ ಮೋಸ ಅಲ್ವಾ?'

ಅವನಿಗೆ ಒಂದು ಮಾತು ಹೇಳಬಹುದಿತ್ತು. ಕೇಳಬಹುದಿತ್ತು. ಟೀ ಬಿಡುವಿನ ಆ ಹತ್ತು ನಿಮಿಷ ಕೆಡುತ್ತೆ ಅಂತ ಹೆದರಿ... ಸುಮ್ಮನಾದಳು.

* * *

ಸರಿಯಾಗಿ ಆರನೇ ತಿಂಗಳಿಗೆ, ಒಂದು ಮಂಗಳವಾರ, ಲಾರಿ ತುಂಬ ಶೂ ವಾಪಸ್ ಬಂತು.

ಗಡಿಯಾರ ಎಲ್ಲರನ್ನೂ ಕರೆದು ನಿಲ್ಲಿಸಿದರು. ಹಣೆಯ ನರ ಉಬ್ಬಿತ್ತು.

"ಯಾರು ಹೀಗೆ ಮಾಡ್ತಿರೋದು? ನನಗೆ ಈಗಲೇ ಗೊತ್ತಾಗಬೇಕು!"

ಒಬ್ಬರ ಹಿಂದೆ ಒಬ್ಬರು ಸರಿದರು.

ಅವಳು ನೋಟ್‌ಬುಕ್ ಎದೆಗೊತ್ತಿಕೊಂಡಳು. ಇದೇ ಸಮಯ! ಆರು ತಿಂಗಳ ಓದು ಸಾರ್ಥಕವಾಗುವ ಸಮಯ. ಬೈಗುಳದ ಬದಲು ಲೆಕ್ಕ ನೋಡಿದರೆ ಕಾರಣ ಸಿಗುತ್ತೆ, ಏಳು ಅವರಿಗೆ ಬೇಕಾದ ಸಹಾಯವೂ ಸಿಗುತ್ತೆ...

"ಸರ್... ನನ್ನ ಹತ್ರ ಬರೆದಿಟ್ಟಿದ್ದೀನಿ."

ಗಡಿಯಾರ ನೋಟ್‌ಬುಕ್ ಇಸಿದುಕೊಂಡರು. ಪುಟ ತಿರುವಿದರು. ಒಂದು ಪುಟದಲ್ಲಿ ಬೆರಳು ನಿಂತಿತು. ಪರ್ರನೆ ಹರಿದು ಗೋಡೆಯ ಬೋರ್ಡಿಗೆ ಪಿನ್ನು ಚುಚ್ಚಿದರು! ಒಂದನೇ ನಂಬರಿನ ಸಾಲು ಖಾಲಿ. ಏಳನೇ ಸಾಲಿನಲ್ಲಿ ಐವತ್ತೆಂಟು ಗೀಟು.

"ನೋಡ್ಕೊಳ್ಳಿ ಎಲ್ಲರೂ."

"ಸರ್, ಅದು ಹಾಗಲ್ಲ... ಕಾರಣ ಏನು ಅಂತ..."

"ಕಾರಣ ಇಲ್ಲೇ ಇದೆಯಲ್ಲ, ನೀನೇ ಬರೆದಿದ್ದೀಯ." ಗಡಿಯಾರ ಕೊನೆಯ ಬೆಂಚಿನ ಕಡೆ ತಿರುಗಿದರು. "ಏಳು, ಏಳು."

ಎಷ್ಟು ಸಲ ಆ ಮಾತಿಗೆ ಇಡೀ ಶೆಡ್ಡು ನಕ್ಕಿತ್ತೋ! ಆವತ್ತು ಒಬ್ಬರೂ ನಗಲಿಲ್ಲ.

ಅವನು ಎದ್ದ. ಬಲಗೈಯಲ್ಲಿ ಏನೋ ಹಿಡಿದಿದ್ದ... ಚಪ್ಪಟೆಯಾದ ಒಂದು ಹಾಳೆ. ಆಗಷ್ಟೇ ಪ್ರೆಸ್ಸಿನಿಂದ ತೆಗೆದದ್ದು. ಬೋರ್ಡಿನ ಹತ್ತಿರ ಬಂದು ಆ ಗೀಟುಗಳನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅವಳನ್ನು.

"ಇದು ನಿಮ್ಮ ಅಕ್ಷರ."

ಕೇಳಿದ್ದಲ್ಲ. ಹೇಳಿದ್ದು.

"ಏಳು ಅವರೇ, ನಾನು..."

"ದಿನಾ ಟೀ ಕುಡೀತಾ ನಗ್ತಿದ್ರಲ್ಲ, ಆವಾಗೂ ಗೀಟು ಹಾಕ್ತಾನೇ ಇದ್ರಾ?"

ಹೌದು ಅನ್ನುವ ಸತ್ಯವನ್ನು ಯಾವ ಬಾಯಲ್ಲಿ ಹೇಳುವುದು?

"ಶನಿವಾರ ಮಧ್ಯಾಹ್ನ ಬಂದು ಏಪ್ರನ್, ಮುದ್ರೆ, ಇಕ್ಕಳ ಒಪ್ಪಿಸಿ ಹೋಗು," ಅಂದರು ಗಡಿಯಾರ, ಕೈಗಡಿಯಾರ ನೋಡಿಕೊಳ್ಳುತ್ತಾ. "ನಾಳೆಯಿಂದ ಬೆಂಚಿಗೆ ಬರೋದು ಬೇಡ."

ಅವನು ಹೊರಟ. ಬಾಗಿಲ ಹತ್ತಿರದ ಪ್ಯಾಕಿಂಗ್ ಮೇಜಿನಲ್ಲಿ ಒಂದು ಕ್ಷಣ ನಿಂತು, ಕೈಯಲ್ಲಿದ್ದ ಹಾಳೆಯನ್ನು ಚಿಕ್ಕಮ್ಮನ ಮುಂದಿಟ್ಟ.

"ಇದು ಅವರ ಅಜ್ಜನದ್ದು. ಸ್ವಲ್ಪ ತಡವಾಗಿ ಸಿಕ್ತು."

* * *

ಆ ಸಂಜೆ ಚಿಕ್ಕಮ್ಮ ತಮಾಷೆ ಮಾಡಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಭಯವಾಗಿದ್ದು.

"ತಗೋ," ಅಂತ ಹಾಳೆ ಕೊಟ್ಟಳು. "ನನಗೆ ಓದೋಕೆ ಅಷ್ಟು ಬರಲ್ಲ. ಆದ್ರೆ ಆ ಹುಡುಗನ ಮುಖ ಓದೋಕೆ ಬಂತು. ಗೇಟ್ ಹತ್ರಾನೇ ನಿಂತು ಅಕ್ಕನಿಗೆ ಫೋನ್ ಮಾಡಿದ, ಸೋಮವಾರದಿಂದ ಬೇರೆ ಊರಲ್ಲಿ ಕೆಲಸವಂತೆ. ಅವನ ಅಕ್ಕ ಇರೋ ಊರು."

ಪುಟದ ಮೇಲೆ ಅಂಕಿ... ನಲವತ್ತೊಂದು.

ಅವಳು ಓದಿದಳು.

'ಮಾತ್ರ ಬರೆಯಬೇಡ. ಬರೆದ ದಿನವೇ ಜನ ತಪ್ಪನ್ನು ಮುಚ್ಚಿಡುವುದನ್ನು ಕಲಿಯುತ್ತಾರೆ. ಹೆಸರಿನ ಬದಲು ಜಾಗವನ್ನು ಬರೆ, ಹೊತ್ತನ್ನು ಬರೆ, ಕೈಗೆ ಬಂದ ಸಾಮಾನನ್ನು ಬರೆ. ಆಮೇಲೆ ಹೋಗಿ ಆ ಜಾಗದಲ್ಲಿ ನಿಲ್ಲು.'

ಮನುಷ್ಯನ ಹೆಸರನ್ನು... ಮಾತ್ರ ಬರೆಯಬೇಡ!

ನಮ್ಮ ಭಾಷೆಯೇ ಹಾಗಲ್ಲವೇ? ಬೇಕೋ ಬೇಡವೋ ಅನ್ನುವುದು ವಾಕ್ಯದ ತುಟ್ಟತುದಿಗೆ ಬರುತ್ತೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ಬೇಕು. ಅವಳು ಕಾಯಲಿಲ್ಲ. 'ಬೇಡ' ಅನ್ನುವ ಒಂದು ಪದ ಯಾವುದೋ ಶೂ ಮೂತಿಯಲ್ಲಿ ಮುದುಡಿ ಕೂತಿದ್ದಾಗ, ಇವಳು 'ಬರೆ' ಅಂತ ತಾನೇ ತುಂಬಿಕೊಂಡಿದ್ದಳು.

"ಚಿಕ್ಕಮ್ಮ... ನಾನು ಅವರನ್ನ..."

ಮುಂದೆ ಅಳು.

ಚಿಕ್ಕಮ್ಮ ತಲೆ ಸವರಿದಳು. "ಅತ್ತು ಮುಗಿಸು. ಆಮೇಲೆ ನಿನ್ನ ಅಜ್ಜ ಮುಂದೆ ಏನು ಮಾಡು ಅಂತಾನೆ, ಅದನ್ನ ಹೇಳು."

ಕಣ್ಣೊರೆಸಿಕೊಂಡು ಮತ್ತೆ ಓದಿದಳು. ಹೋಗಿ ಆ ಜಾಗದಲ್ಲಿ ನಿಲ್ಲು...

ಆರು ತಿಂಗಳ ಹಿಂದೆ ಇನ್ನೊಬ್ಬನೂ ಇದನ್ನೇ ಹೇಳಿದ್ದ. *ಒಂದು ದಿನ ಈ ನೆಲದ ಮೇಲೆ ನೀವೇ ಬಂದು ನಿಂತು ನೋಡಿ.* ಅವನಿಗೆ ಯಾವ ಪುಸ್ತಕವೂ ಬೇಕಿರಲಿಲ್ಲ!

ಮೂರು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

* * *

ಬುಧವಾರ ಎಲ್ಲರಿಗಿಂತ ಮೊದಲು ಹೋಗಿ ಖಾಲಿ ಬಿದ್ದಿದ್ದ ಏಳನೇ ಬೆಂಚಿನ ಮುಂದೆ ನಿಂತಳು.

ಒಂದನೇ ಬೆಂಚಿನಲ್ಲಿ ಅಂಟಿನ ದೊಡ್ಡ ಡಬ್ಬದ ಮುಚ್ಚಳ ತೆಗೆದರು. ಅಲ್ಲಿ ಕೂರುವುದು 'ಚಿನ್ನದ ಕೈ'. ಇಡೀ ಶೆಡ್ಡಿನ ಹಿರಿಯ ಕೆಲಸಗಾರ, ಎಲ್ಲರಿಗೂ ದೊಡ್ಡಪ್ಪ. ಅವರು ತಮ್ಮ ಬಟ್ಟಲಿಗೆ ಅಂಟು ಸುರಿದುಕೊಂಡು ಡಬ್ಬ ಮುಂದಕ್ಕೆ ತಳ್ಳಿದರು. ಎರಡು... ಮೂರು... ಯಾರೂ ಮುಚ್ಚಳ ಮುಚ್ಚುತ್ತಿಲ್ಲ. ಮುಚ್ಚಿ ತೆಗೆಯುವಷ್ಟು ಹೊತ್ತು ಯಾರಿಗಿದೆ, ಗಡಿಯಾರ ಮೈಮೇಲೆ ನಿಂತಿರುವಾಗ?

ಡಬ್ಬ ಏಳನೇ ಬೆಂಚಿಗೆ ಬರುವ ಹೊತ್ತಿಗೆ ಬಿಸಿಲು ಕಿಟಕಿ ಹತ್ತಿತ್ತು. ಇಣುಕಿ ನೋಡಿದಳು. ಮೇಲೆ ಕೆನೆ, ಕೆಳಗೆ ಗಸಿ! ಕುಂಚ ಅದ್ದಿದರೆ ದಾರದ ಹಾಗೆ ಎಳೆ ಎಳೆ.

ಅವಳ ಕಾಲಿನ ಕೆಳಗಿನ ನೆಲವೇ ವಾಲಿದ ಹಾಗಾಯಿತು.

ನೆಲ... ನಿಜವಾಗಿಯೂ ಡೊಂಕಿತ್ತು.

"ಸರ್! ತಪ್ಪು ಏಳನೆಯವರದ್ದಲ್ಲ, ಏಳನೇ ಬೆಂಚಿನದ್ದು!"

ಗಡಿಯಾರ ನಕ್ಕರು. "ಕುಣಿಯೋಕೆ ಬಾರದವಳು..."

"ಗೊತ್ತು ಸರ್. ಆ ಗಾದೆ ನಾನೇ ಅವರ ಮುಖಕ್ಕೆ ಹೊಡೆದಿದ್ದೆ. ಗಾದೆ ಕಟ್ಟಿದವರು ಒಂದ್ಸಲನಾದ್ರೂ ಬಗ್ಗಿ ನೆಲ ನೋಡಿದ್ರಾ ಸರ್? ಎರಡೇ ದಿನ ಕೊಡಿ. ಬೇರೆ ಯಾರನ್ನಾದ್ರೂ ಅಲ್ಲಿ ಕೂರಿಸಿ, ಇದೇ ಅಂಟು ಕೊಡಿ. ಶನಿವಾರ ಎಲ್ಲರ ಮುಂದೆ ಎಳೆದು ನೋಡೋಣ. ಅಟ್ಟೆ ಬಿಡದಿದ್ರೆ... ನನ್ನ ಏಪ್ರನ್ನೂ ತಗೊಳ್ಳಿ."

ಚಿಕ್ಕಮ್ಮನ ಕೈಯಿಂದ ರಟ್ಟಿನ ಪೆಟ್ಟಿಗೆ ಜಾರಿ ಬಿತ್ತು.

"ಯಾರು ಕೂರ್ತಾರಮ್ಮ ಅಲ್ಲಿ?" ಗಡಿಯಾರ ಶೆಡ್ಡಿನ ಸುತ್ತ ಕಣ್ಣಾಡಿಸಿದರು. ಎಲ್ಲರೂ ತಲೆ ತಗ್ಗಿಸಿದರು. ಗೀಟು ಹಾಕಿದ ಆ ಕಾಗದ ಇನ್ನೂ ಬೋರ್ಡಿನ ಮೇಲೇ ಇತ್ತಲ್ಲ!

"ನಾನು ಕೂರ್ತೀನಿ."

ಎಲ್ಲರೂ ತಿರುಗಿದರು. ಚಿನ್ನದ ಕೈ!

"ನಲವತ್ತು ವರ್ಷದ ಕೈ ಇದು," ಅಂದರು ಮುದುಕರು, ಅವಳ ಕಡೆ ಕೊಂಚ ಬಿಗಿಯಾಗಿಯೇ ನೋಡಿ. "ಬೆಂಚು ಬದಲಾದ್ರೆ ಕೈ ಬದಲಾಗಲ್ಲ. ನಿನ್ನ ಏಪ್ರನ್ ಒಗೆದು ಇಡು ಮಗಳೇ."

ಚಿನ್ನದ ಕೈ ಅಲ್ಲಿ ಕೂತು ಒಳ್ಳೆಯ ಶೂ ಮಾಡಿಬಿಟ್ಟರೆ? ಅವನ ಹೆಸರಿಗೆ ಅಂಟಿದ ಮಸಿ ಇನ್ನು ಯಾವತ್ತೂ ಹೋಗಲ್ಲ. ಅದನ್ನು ಎರಡನೇ ಸಲ ಬಳಿದವಳೂ ನಾನೇ ಆಗುತ್ತೇನೆ...

ಗುರುವಾರ, ಶುಕ್ರವಾರ. ಮುದುಕರು ತಲೆ ಎತ್ತದೆ ಕೆಲಸ ಮಾಡಿದರು, ತಮ್ಮದೇ ಮುದ್ರೆ ಒತ್ತಿದರು. ಒಂದೇ ಒಂದು ಮಾತಿಲ್ಲ. ಶುಕ್ರವಾರ ಸಂಜೆ ಅವಳು ಮೆಲ್ಲಗೆ, "ದೊಡ್ಡಪ್ಪ, ಅಂಟು ಹೇಗಿದೆ?" ಅಂತ ಕೇಳಿದರೆ, "ನಾಳೆ ನೋಡು," ಅಂದು ಎದ್ದು ಹೋದರು.

* * *

ಶನಿವಾರ ಮಧ್ಯಾಹ್ನ. ಉದ್ದನೆಯ ಮೇಜಿನ ಮೇಲೆ ಹತ್ತು ಶೂ.

ಬಾಗಿಲಲ್ಲಿ ನೆರಳು ಬಿತ್ತು. ಅವನು! ಮಡಿಸಿದ ಏಪ್ರನ್, ಅದರ ಮೇಲೆ ಮುದ್ರೆ, ಇಕ್ಕಳ. ಇಷ್ಟು ಜನ ಯಾಕೆ ಸೇರಿದ್ದಾರೆ ಅಂತ ಗೊತ್ತಾಗದೆ ಹೊಸ್ತಿಲಲ್ಲೇ ನಿಂತ. ಅವಳು ಒಮ್ಮೆ ನೋಡಿದಳು. ಅವನು ಬೇರೆ ಕಡೆ ನೋಡಿದ.

ಗಡಿಯಾರ ಮೊದಲನೇ ಶೂ ತೆಗೆದು ಅಟ್ಟೆಯ ಅಂಚಿಗೆ ಇಕ್ಕಳ ಹಾಕಿ ಎಳೆದರು.

ಬಿಡಲಿಲ್ಲ.

ಅವಳು ಮೇಜಿನ ಅಂಚು ಹಿಡಿದುಕೊಂಡಳು.

ಎರಡನೆಯದು. ಬಿಡಲಿಲ್ಲ!

"ಸಾಕಾ?" ಅಂದರು ಗಡಿಯಾರ.

"ಇನ್ನೂ ಎಂಟಿದೆ ಸರ್..." ದನಿ ಅವಳದ್ದೇ ಅಂತ ಅವಳಿಗೇ ನಂಬಿಕೆ ಬರಲಿಲ್ಲ.

ಮೂರನೆಯದು...

ಪರ್ರ್!

ಶೆಡ್ಡಿನಲ್ಲಿ ಯಾರೋ "ಹಾ" ಅಂದರು. ನಾಲ್ಕನೆಯದು ಪರ್ರ್. ಐದು ಗಟ್ಟಿ. ಆರು, ಏಳು, ಎಂಟು... ಮೂರೂ ಬಾಯಿ ಬಿಟ್ಟವು! ಉಳಿದೆರಡನ್ನು ಗಡಿಯಾರ ಎಳೆಯಲೇ ಇಲ್ಲ. ಕೈಯಲ್ಲಿದ್ದ ಅಟ್ಟೆಯ ಒಳಗೆ ಮುದ್ರೆ ಎದ್ದು ಕಾಣುತ್ತಿತ್ತು... ೧.

ಎಲ್ಲರ ಕಣ್ಣೂ ಚಿನ್ನದ ಕೈ ಮೇಲೆ. ಮುದುಕರು ಬೋರ್ಡಿನ ಹತ್ತಿರ ಹೋಗಿ ಆ ಕಾಗದ ಕಿತ್ತು ಮಡಿಸಿದರು.

"ಗುರುವಾರ ಬೆಳಿಗ್ಗೇನೇ ಗೊತ್ತಾಯ್ತು ನನಗೆ, ಈ ಅಂಟು ಹಿಡಿಯಲ್ಲ ಅಂತ," ಅಂದರು. "ಹೇಳಲಿಲ್ಲ. ಚಿನ್ನದ ಕೈಗೆ ತುಕ್ಕು ಹಿಡೀತು ಅಂತೀರಿ ಅಂತ ಹೆದರಿದೆ. ನಲವತ್ತು ವರ್ಷದವನೇ ಮುಚ್ಚಿಟ್ಟೆ. ಆ ಹುಡುಗ ಎರಡು ಸಲ ಬಾಯಿ ಬಿಟ್ಟು ಹೇಳಿದ್ದ. ನಾವೆಲ್ಲ ನಕ್ಕಿದ್ವಿ."

ಗಡಿಯಾರ ಜೀವನದಲ್ಲಿ ಮೊದಲ ಬಾರಿಗೆ ಕೈಗಡಿಯಾರ ನೋಡಿಕೊಳ್ಳಲಿಲ್ಲ. ಗಂಟಲು ಸರಿ ಮಾಡಿಕೊಂಡರು.

"ಸೋಮವಾರದಿಂದ... ಬೆಂಚಿಗೊಂದು ಸಣ್ಣ ಡಬ್ಬ. ಮುಚ್ಚಳ ಇರೋದು." ಆಮೇಲೆ ಬಾಗಿಲ ಕಡೆ ತಿರುಗಿ ನಿಧಾನವಾಗಿ ಅಂದರು, "ಆ ಏಪ್ರನ್ ಒಪ್ಪಿಸೋದು ಬೇಡ ಕಣಪ್ಪ. ನಿನ್ನ ಹತ್ರಾನೇ ಇರಲಿ."

ಆದರೆ ಬಾಗಿಲಲ್ಲಿ ಈಗ ಯಾರೂ ಇರಲಿಲ್ಲ!

"ಹೋಗೇ! ಇನ್ನೂ ಏನು ನೋಡ್ತಿದ್ದೀಯ, ಪುಟದ ನಂಬರಾ?" ಚಿಕ್ಕಮ್ಮ ಅವಳ ಬೆನ್ನಿಗೆ ಒಂದು ಕೊಟ್ಟಳು.

* * *

ಶೆಡ್ಡಿನ ಹಿಂದೆ, ಖಾಲಿ ಪೆಟ್ಟಿಗೆಗಳ ಸಾಲಿನ ಪಕ್ಕ ಅವನು ನಿಂತಿದ್ದ. ಏಪ್ರನ್ ಇನ್ನೂ ಕೈಯಲ್ಲೇ ಇತ್ತು. ಅವಳು ಓಡಿಯೇ ಬಂದಳು.

"ಗಡಿಯಾರ ಅವರು ನಿಮ್ಮನ್ನ..."

"ಕೇಳಿಸ್ತು." ಅವನ ದನಿಯಲ್ಲಿ ಕೋಪ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು. "ಬೆಂಚಿಗೆ ನ್ಯಾಯ ಸಿಕ್ತು, ಸಂತೋಷ. ನನಗೆ ನೋವಾಗಿದ್ದು ಕೆಲಸ ಹೋಯ್ತು ಅಂತಲ್ಲ. ಐವತ್ತೆಂಟು ಗೀಟು... ಐವತ್ತೆಂಟು ಸಲದಲ್ಲಿ ಒಂದೇ ಒಂದ್ಸಲ ನನ್ನ ಕೇಳಬೇಕು ಅನ್ನಿಸಲಿಲ್ವಾ ನಿಮಗೆ?"

ನಲವತ್ತೊಂದನೇ ಪುಟ ಇರಲಿಲ್ಲ ಅಂತ ಹೇಳಲು ಬಾಯಿ ತೆರೆದಳು. ಮುಚ್ಚಿದಳು.

"ಪುಟ ಇರಲಿಲ್ಲ, ನಿಜ. ಆದ್ರೆ ನೀವಿದ್ರಲ್ಲ," ಅಂದಳು. ಕಣ್ಣು ತುಂಬಿ ಬಂತು. "ಎದುರಿಗೇ ಕೂತು ಟೀ ಕುಡೀತಿದ್ರಿ. ನಿಮ್ಮನ್ನ ಕೇಳೋಕೆ ನನಗೆ ಯಾವ ಪುಟ ಬೇಕಿತ್ತು? ಕೇಳಿದ್ರೆ ಆ ಹತ್ತು ನಿಮಿಷ ಎಲ್ಲಿ ಕಳ್ಕೋತೀನೋ ಅಂತ ಹೆದರಿದೆ. ಅದು ಪುಸ್ತಕದ ತಪ್ಪಲ್ಲ. ನನ್ನದು. ಇದಕ್ಕೆ ಮಾತ್ರ ನನ್ನ ಹೆಸರು ಬರೀರಿ."

ಅವಳು ತನ್ನ ಏಪ್ರನ್ ಜೇಬಿನಿಂದ ನೋಟ್‌ಬುಕ್ ತೆಗೆದು ಜಗಳದ ದಿನದ ಹಾಳೆ ತೆರೆದು ಅವನ ಕೈಗಿಟ್ಟಳು.

ಅವನು ಗಟ್ಟಿಯಾಗಿ ಓದಿದ. "ಏಳನೇ ನಂಬರ್: ಒರಟ... ಸೊಕ್ಕಿನವನು... ಆರು ತಿಂಗಳಲ್ಲಿ ಕೆಲಸ ಬಿಟ್ಟು ಹೋಗಿರ್ತಾನೆ. ಹೋದರೆ ನನಗೇನೂ ಅನ್ನಿಸಲ್ಲ." ಹುಬ್ಬು ಮೇಲೇರಿತು. "ಓಹೋ!"

"ಕೆಳಗೂ ಓದಿ. ಇವತ್ತು ಬರೆದಿದ್ದು."

'ಆರು ತಿಂಗಳಾಯಿತು. ಅವರಿಲ್ಲದೆ ನಾಲ್ಕು ದಿನ. ಅಂದಾಜು ಪೂರ್ತಿ ತಪ್ಪು.'

ಅವನು ಆ ಸಾಲನ್ನು ಎರಡು ಸಲ ಓದಿದ್ದು ಅವಳಿಗೆ ಕಾಣಿಸಿತು. ಎಡಗೆನ್ನೆಯಲ್ಲಿ ಗುಳಿ ಬೀಳಬೇಕೋ ಬೇಡವೋ ಅಂತ ಯೋಚಿಸುತ್ತಿತ್ತು.

"ನಿಮ್ಮ ಅಜ್ಜ ಇದಕ್ಕೇನಂತಾರೆ? ಅಂದಾಜು ತಪ್ಪಿದ್ರೆ?"

"ಹೊಸದು ಬರಿ ಅಂತಾರೆ."

"ಕೊಡಿ ಇಲ್ಲಿ ಪೆನ್ನು."

ಅಂಟು ಮೆತ್ತಿದ ಬೆರಳಲ್ಲಿ ನಿಧಾನವಾಗಿ ಬರೆದ. ತಾರೀಕು ಹಾಕಿದ. ಗೆರೆಯನ್ನೂ ಎಳೆದ! ಅವಳು ಇಣುಕಿದಳು.

'ಏಳನೇ ನಂಬರ್: ಎಲ್ಲಿಗೂ ಹೋಗಲ್ಲ. ವಾಪಸಮ್ಮನನ್ನ ವಾಪಸ್ ಮಾಡೋ ಯೋಚನೆನೂ ಇಲ್ಲ.'

"ಆರು ತಿಂಗಳಾದ್ಮೇಲೆ ತೆಗೆದು ನೋಡಿ," ಅಂದ. "ಹೆಂಡತಿಯಾಗಿ ನೋಡಿದ್ರೂ ನನ್ನ ಅಭ್ಯಂತರ ಏನಿಲ್ಲ."

ಅವಳು ಅಳುತ್ತಲೇ ನಕ್ಕಳು. ಅವನ ಕೈಯಿಂದ ಏಪ್ರನ್ ತೆಗೆದುಕೊಂಡು, ಮಡಿಕೆ ಬಿಡಿಸಿ, ಅವನ ಕೊರಳಿಗೆ ಹಾಕಿದಳು. ಪಕ್ಕದ ಪೆಟ್ಟಿಗೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಟೀ ಗಂಟೆ ಹೊಡೆಯಿತು. ಹತ್ತು ನಿಮಿಷ ಇತ್ತು.

"ಏಳು..."

'ಅವರೇ' ಬರಲಿಲ್ಲ. ಅವನು ಕಾದ. ಬರಲೇ ಇಲ್ಲ.

"ಎದ್ದೇ ನಿಂತಿದ್ದೀನಲ್ಲ," ಅಂದ ಮೆಲ್ಲಗೆ. "ಇನ್ನೇನು ಮಾಡ್ಲಿ?"

ಅವಳು ಪೆಟ್ಟಿಗೆಯ ಒಂದು ತುದಿಗೆ ಸರಿದು ಜಾಗ ಬಿಟ್ಟಳು.

"ಕೂತ್ಕೋ."